ಸಾಂಬಾರಿನಲ್ಲಿ ಬೇಳೆ ಎಷ್ಟಿದೆ?

ಹಸಿವು ಸರ್ಕಾರಿ ಶಾಲೆಯ ಮಕ್ಕಳದು, ಬೊಜ್ಜು ಕಾನ್ವೆಂಟ್ ಮಕ್ಕಳದು ಎಂದು ನಾವು ಹಂಚಿಬಿಟ್ಟಿದ್ದೇವೆ. ಮೈಸೂರಿನ ಹಳೆಯ ಹೆರಿಗೆ ದಾಖಲೆಗಳು ಈ ಹಂಚಿಕೆಯನ್ನು ಒಪ್ಪುವುದಿಲ್ಲ.

ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೂ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟುಕೊಂಡು ಬಂದಿತ್ತು. 1954ರೊಳಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಸಂಶೋಧಕರು ಪತ್ತೆಹಚ್ಚಿ ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಮೀರದವರಲ್ಲಿ ಶೇ 11 ಮಂದಿಗೆ ಹೃದ್ರೋಗ. 3.1 ಕಿಲೋ ದಾಟಿ ಹುಟ್ಟಿದವರಲ್ಲಿ ಶೇ 3 ಮಾತ್ರ. ಬಸುರಿನಲ್ಲಿ ತಾಯಿಯೂ ಸಣಕಲಾಗಿದ್ದರೆ ಅಪಾಯ ಇನ್ನೂ ಹೆಚ್ಚು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಕಂಡದ್ದೂ ಇದಕ್ಕೆ ಹೊಂದುತ್ತದೆ: ನಮ್ಮ ಕೂಸುಗಳಲ್ಲಿ ಕುಗ್ಗಿರುವುದು ಮಾಂಸಖಂಡ, ಕೊಬ್ಬು ಅಷ್ಟಾಗಿ ಅಲ್ಲ.

ಇಂಥ ಮಗುವಿಗೆ ಬರೀ ಅನ್ನ, ಸಕ್ಕರೆ ಸುರಿದರೆ ತೂಕವೇನೋ ಏರುತ್ತದೆ. ಅದರ ಹಿಂದೆಯೇ ಸಕ್ಕರೆ ಕಾಯಿಲೆಯೂ ಹೊಂಚು ಹಾಕುತ್ತದೆ. ಶಾಲಾ ವಯಸ್ಸಿನವರಲ್ಲಿ ಕಡಿಮೆ ತೂಕದವರಿಗಿಂತ ಬೊಜ್ಜಿನವರೇ ಹೆಚ್ಚಾಗಿದ್ದಾರೆ ಎಂದು ಯುನಿಸೆಫ್ 2025ರಲ್ಲಿ ಹೇಳಿದ್ದು ಇಡೀ ಜಗತ್ತಿನ ಮಾತು. ನಮ್ಮಲ್ಲಿ ಎರಡೂ ಒಂದೇ ಮೈಯಲ್ಲಿ, ಒಂದರ ಹಿಂದೊಂದು ಬರುತ್ತವೆ.

ಹಾಗಾಗಿ ಬಿಸಿಯೂಟದಲ್ಲಿ ನೋಡಬೇಕಾದದ್ದು ಅನ್ನದ ರಾಶಿಯನ್ನಲ್ಲ. ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎನ್ನುತ್ತದೆ ನಿಯಮ. ಧಾನ್ಯ ಬಿಟ್ಟು ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಗ್ಯಾಸು ಎಲ್ಲಕ್ಕೂ ಸೇರಿ 2025ರ ಮೇ ತಿಂಗಳಿಂದ ಜಾರಿಗೆ ಬಂದ ದರ 6.78 ರೂಪಾಯಿ. ಬೇಳೆಯ ಬೆಲೆ ಏರಿದ ತಿಂಗಳು ಅಡುಗೆಯಮ್ಮ ತಾನೇ ಏನು ಮಾಡಿಯಾಳು? ಸಾಂಬಾರು ನೀರಾಗುತ್ತದೆ, ಬೇಳೆ ಸಿಗಲೆಂದು ಸೌಟನ್ನು ತಳ ಮುಟ್ಟಿಸಿ ಬಡಿಸುತ್ತಾಳೆ, ಪಾಪ.

2021ರ ಡಿಸೆಂಬರಿನಲ್ಲಿ ರಾಜ್ಯದ ಹಿಂದುಳಿದ ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಸಿಡಿದೆದ್ದರು. ಈಗ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಅದು ವಾರಕ್ಕೆ ಆರು ದಿನಕ್ಕೆ ಏರಿದೆ. ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೊಟೀನ್ ಇದೆ, ಬದಲಿಗೆ ಕೊಡುವ ಬಾಳೆಹಣ್ಣಿನಲ್ಲಿ ಒಂದು ಗ್ರಾಂ. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು ಸಾಕೆಂದವರು ಈ ಲೆಕ್ಕವನ್ನು ಯಾವ ಮಠದಲ್ಲಿ ಕಲಿತರೋ! ಶೇಂಗಾ ಚಿಕ್ಕಿಯೋ ಕಾಳಿನ ಉಸಲಿಯೋ ಆದರೆ ಸರಿ.

ಇನ್ನು ಗೇಟಿನಾಚೆಯ ಗೂಡಂಗಡಿ. ಐದು ರೂಪಾಯಿಯ ಕುರುಕಲು ಪ್ಯಾಕೆಟ್‌ಗಳ ಮಾಲೆ ಮಗುವಿನ ಕಣ್ಣಳತೆಯಲ್ಲೇ ತೂಗುತ್ತಿರುತ್ತದೆ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಯನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರುವಂತಿಲ್ಲ ಎಂದು 2020ರಲ್ಲೇ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿದೆ.

ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗಳಲ್ಲಿ ಕಾಂಪೌಂಡು, ಬಣ್ಣ, ಬೀಗದ ಚರ್ಚೆಯೇ ಮುಗಿಯುವುದಿಲ್ಲ. ಪೋಷಕರೇ, ಮುಂದಿನ ಸಭೆಗೆ ಹೋದಾಗ ಅಡುಗೆಮನೆಗೂ ಹೋಗಿ, ಆ ದಿನದ ಬೇಳೆಯನ್ನು ನಿಮ್ಮೆದುರೇ ತಕ್ಕಡಿಗೆ ಹಾಕಿಸಿ. ಕಡಿಮೆ ಇದ್ದರೆ ಅಡುಗೆಯಮ್ಮನನ್ನು ಬೈಯಬೇಡಿ, ದರ ಏರಿಸಿ ಎಂದು ನಿಮ್ಮ ಶಾಸಕರಿಗೆ ಬರೆಯಿರಿ.