ಗೇಮ್ ಪುರಾಣ, ಭಾಗ 4: ಹೊಲಕ್ಕೆ 60 ಕಟ್ಟಿಗೆ, ತೋಟಕ್ಕೆ 9 ಎಕರೆ ಬೆಟ್ಟ

ಹಿಂದಿನ ಪೋಸ್ಟ್ ನೋಡಿ "ಗೇಮ್ ಆಡಿ ಲೆಕ್ಕಾಚಾರ ಕಲಿತೆ ಅಂತೀಯಲ್ಲ, ಒಂದು ಉದಾಹರಣೆ ಕೊಡು" ಅಂತ ನಾಲ್ಕೈದು ಜನ ಮೆಸೇಜ್ ಹಾಕಿದ್ರಿ. ತಗೊಳ್ಳಿ.

ಏಜ್ ಆಫ್ ಎಂಪೈರ್ಸ್ 2. 1999ರ ಗೇಮು, ನಮಗಿಂತ ದೊಡ್ಡದು. ಆಹಾರ, ಕಟ್ಟಿಗೆ, ಚಿನ್ನ, ಕಲ್ಲು, ಇಷ್ಟೇ ಸಂಪನ್ಮೂಲ. ಶುರುವಿಗೆ ಕುರಿ, ಜಿಂಕೆ, ಹಣ್ಣಿನ ಪೊದೆ ಅಂತ ಪುಕ್ಕಟೆ ಸಿಗೋದನ್ನೆಲ್ಲ ತಿಂದು ಮುಗಿಸ್ತೀವಿ. ಆಮೇಲೆ ಹೊಲ ಹಾಕಲೇಬೇಕು. ಒಂದು ಹೊಲಕ್ಕೆ 60 ಕಟ್ಟಿಗೆ. ಅದು 175 ಆಹಾರ ಕೊಟ್ಟು ಸುಸ್ತಾಗುತ್ತೆ, ಮತ್ತೆ 60 ಕಟ್ಟಿಗೆ ಸುರಿದ್ರೆ ಮಾತ್ರ ಮತ್ತೆ ಬೆಳೆ. ಹೊಸಬರು ಸೋಲೋದೇ ಇಲ್ಲಿ. ಸೈನ್ಯದ ಹುಚ್ಚಲ್ಲಿ ಮರ ಕಡಿಯೋರನ್ನ ಮರೀತಾರೆ, ಹೊಲಗಳೆಲ್ಲ ಒಂದರ ಹಿಂದೆ ಒಂದು ಒಣಗ್ತವೆ. ನಾನೂ ಹೀಗೆ ಎಷ್ಟು ಸಲ ಸೋತಿದ್ದೀನಿ ಅಂತ ಕೇಳಬೇಡಿ.

ಈಗ ಕಾನಸೂರಿಗೆ ಬನ್ನಿ. ಕಳೆದ ಸೆಮ್‌ನಲ್ಲಿ ಕಾಸ್ಟ್ ಶೀಟ್ ಅಸೈನ್‌ಮೆಂಟ್ ಇತ್ತಲ್ಲ, ನಾನು ನಮ್ಮನೆ ಅಡಿಕೆ ತೋಟ ತಗೊಂಡಿದ್ದೆ. ಕೊನೆ ಕೊಯ್ಲಿನ ಕೂಲಿ, ಸುಲಿಯೋ ಕೂಲಿ, ಔಷಧಿಗೆ ಮೈಲುತುತ್ತ-ಸುಣ್ಣ, ಶಿರಸಿಗೆ ಸಾಗಾಟ, ಎಲ್ಲಾ ಬರೆದೆ. ಗೊಬ್ಬರದ ಸಾಲಿಗೆ ಬಂದಾಗ ಅಪ್ಪನ್ನ ಕೇಳಿದೆ. "ಸೊಪ್ಪಿಗೆ ಎಂತಾ ರೇಟು ಮಾರಾಯಾ, ಬೆಟ್ಟದ್ದಲ್ದಾ?" ಅಂದ. ಸೊನ್ನೆ ಬರೆದೆ. ಮಾರ್ಕ್ಸ್ ಪೂರ್ತಿ ಬಂತು. ಆ ಸೊನ್ನೆ ಮಾತ್ರ ಈಗ್ಲೂ ಕಾಡ್ತಿದೆ.

ನಮ್ಮ ಕಡೆಯವರಲ್ಲದವರಿಗೆ: ಸೊಪ್ಪಿನ ಬೆಟ್ಟ ಅಂದ್ರೆ ತೋಟಕ್ಕೆ ಅಂಟಿಕೊಂಡಿರೋ ಕಾಡು. ಬ್ರಿಟಿಷರ ಕಾಲದಿಂದ ಬಂದ ಲೆಕ್ಕ, ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಗರಿಷ್ಠ 9 ಎಕರೆ. ಜಾಗ ನಮ್ಮದಲ್ಲ, ಸೊಪ್ಪು-ದರಕು ತರೋ ಹಕ್ಕು ಮಾತ್ರ ನಮ್ಮದು. ಆ ಸೊಪ್ಪು ಕೊಟ್ಟಿಗೆಗೆ ಹಾಸು, ಅಲ್ಲಿ ಸಗಣಿ ಜೊತೆ ಸೇರಿ ಗೊಬ್ಬರ, ಅಲ್ಲಿಂದ ಅಡಿಕೆ ಬುಡಕ್ಕೆ. ಒಂದಕ್ಕೆ ಒಂಬತ್ತು! ಗೇಮ್‌ನ 60 ಕಟ್ಟಿಗೆ ಇದರ ಮುಂದೆ ಏನೂ ಅಲ್ಲ. ಮತ್ತೆ ಗೇಮ್‌ನಲ್ಲಿ ಒಂದು ಮರ ಅಂದ್ರೆ 100 ಕಟ್ಟಿಗೆ, ಮುಗೀತು ಅಂದ್ರೆ ಮಾಯ, ಚಿಗುರಲ್ಲ. ನಮ್ಮಜ್ಜ ಮತ್ತಿ ಮರ ಹತ್ತಿ ಟೊಂಗೆ ಸೊಪ್ಪು ಕಡಿದು ತುದಿ ಬಿಟ್ಟು ಇಳೀತಿದ್ರಂತೆ, ಮರ ಹಾಗೇ ಇರ್ತಿತ್ತು. ಈ ವಿಷಯದಲ್ಲಿ ಗೇಮ್ ಮಾಡಿದೋರಿಗಿಂತ ಅಜ್ಜನೇ ಬುದ್ಧಿವಂತ.

ಈಗ ಎಲ್ಲಾ ಕಡೆ ಒಂದೇ ಮಾತು: "ಬೆಟ್ಟ ಸುಮ್ನೆ ಬಿದ್ದಿದೆ, ಅಲ್ಲೂ ಅಡಿಕೆ ಸಸಿ ಇಡೋಣ." ಈ ವರ್ಷ ನಮ್ಮನೆ ಜಗಲಿಗೂ ಬಂತು ಈ ಮಾತು. ಕಾನೂನು ಪಕ್ಕಕ್ಕಿರಲಿ, ಬರೀ ಲೆಕ್ಕಾನೇ ನೋಡಿ. ಮರ ಕಡಿಯೋರನ್ನೆಲ್ಲ ಸೈನ್ಯಕ್ಕೆ ಸೇರಿಸೋ ಆಟಗಾರನ ಪ್ಲಾನ್ ಇದು. ಹೊಲ ಜಾಸ್ತಿ, ಅದಕ್ಕೆ ಹಾಕೋದು ಕಮ್ಮಿ. ಉಳಿದ ಗೊಬ್ಬರ ಅಂಗಡಿಯಿಂದ ಬರಬೇಕು, ಅಲ್ಲಿ ಸೊನ್ನೆ ರೂಪಾಯಿಗೆ ಯಾರೂ ಕೊಡಲ್ಲ. ನನ್ನ ವೋಟು ಬೇಡ ಅಂತಾನೇ.

ಆದ್ರೆ ಹೀಗನ್ನೋಕೆ ನಂಗೆ ಸ್ವಲ್ಪ ನಾಚಿಕೆನೂ ಆಗುತ್ತೆ. ಸೊಪ್ಪಿನ ಹೊರೆ ಹೊತ್ತವರಿಗೆ ಗೊತ್ತು, ಕುತ್ತಿಗೆ ಏನಾಗುತ್ತೆ ಅಂತ. ಮೈಮೇಲೆ ಚಗಳಿ ಬೇರೆ. 20 ವರ್ಷದಲ್ಲಿ ನಾನು ಹೊತ್ತಿದ್ದು ಹೆಚ್ಚಂದ್ರೆ ಹತ್ತು ದಿನ. ಆಳು ಸಿಗಲ್ಲ, ಕೊಟ್ಟಿಗೇಲಿ ದನ ಎರಡೇ, ಮಕ್ಕಳು ಬಸ್ ಹತ್ತಿ ಕಾಲೇಜಿಗೆ ಹೋಗ್ತಾರೆ. ಬೆಟ್ಟ "ಸುಮ್ನೆ ಬಿದ್ದಿರೋಕೆ" ನಾನೂ ಒಂದು ಕಾರಣ.

ಹಾಗಾಗಿ ಮೊನ್ನೆ ಭಾನುವಾರ ಶೀಟ್ ಮತ್ತೆ ಬರೆದೆ. ಸೊಪ್ಪು ಕಡಿದ ದಿನ, ಹೊತ್ತ ದಿನ, ದರಕು ಗುಡಿಸಿದ ದಿನ, ಎಲ್ಲದಕ್ಕೂ ಊರಿನ ಕೂಲಿ ಹಾಕಿದೆ. ಲಾಭ ಇನ್ನೂ ಇದೆ, ಆದ್ರೆ ಮೊದಲಿನಷ್ಟು ದಪ್ಪ ಇಲ್ಲ. ಅಪ್ಪ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ. "ಕೊಟ್ಟಿಗೆ ಕೆಲಸ ಮಾಡದು ಯಾರು? ಆಯಿ ಕೂಲಿ ಎಲ್ಲಿ ಬರದ್ದೆ?" ಅಂದ.

ಅದನ್ನ ಬರೆದಿರಲಿಲ್ಲ. ಭಾಗ 5 ಅದರ ಮೇಲೇ. ಅಷ್ಟರಲ್ಲಿ ನಿಮ್ಮನೆ ತೋಟಕ್ಕೆ ಗೊಬ್ಬರ ಎಲ್ಲಿಂದ ಬರುತ್ತೆ, ಮನೇಲಿ ಕೇಳಿ ಕಾಮೆಂಟ್ ಹಾಕಿ.