ಪೇಟಿ ಪರದೇಶದ್ದು, ಪದ ನಮ್ಮದು

ಹೊರಗಿನ ವಾದ್ಯ ಬೆರೆತರೆ ನಮ್ಮ ಹಾಡು ಕೆಡುವುದೆಂದು ಹಲವರು ವಾದಿಸುತ್ತಾರೆ. ನಾನು ಇದನ್ನು ಒಪ್ಪಲಾರೆ.

ನಮ್ಮ ಬೇವೂರಿನ ಸೀಮೆಯ ಶ್ರೀಕೃಷ್ಣ ಪಾರಿಜಾತವನ್ನೇ ನೋಡಿರಿ. ಅದಕ್ಕೆ ಶ್ರುತಿ ಹಿಡಿಯುವ ಪೇಟಿ, ಅಂದರೆ ಹಾರ್ಮೋನಿಯಂ, 19ನೆಯ ಶತಮಾನದಲ್ಲಿ ಯುರೋಪಿನಿಂದ ಬಂದದ್ದು. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಅದನ್ನು ಹೊರಗಿಟ್ಟಿತು; 1971ರವರೆಗೂ ಆ ನಿರ್ಬಂಧ ನಡೆಯಿತು. ಪೇಟಿಯಲ್ಲಿ ಸ್ವರ ಜಾರಿಸಿ ನುಡಿಸಲು ಬಾರದೆಂಬ ಆಕ್ಷೇಪ ನಿಜವೇ. ಆದರೆ ಆ ಕೊರತೆಯನ್ನು ಸತ್ಯಭಾಮೆಯ ಕಂಠ ತುಂಬಿಕೊಡುತ್ತದೆ. ಹಳ್ಳಿಯ ಆಟದಲ್ಲಿ ಕೊರವಂಜಿಯ ಪದಕ್ಕೆ ಪೇಟಿ ಮನೆಯ ಮಗಳಂತೆ ಹೊಂದಿಕೊಂಡಿದೆ.

ಇಂಥ ಬೆರಕೆ ಬೇರೆಡೆಯೂ ಉಂಟು. ಪಶ್ಚಿಮ ಆಫ್ರಿಕದ ಸೆನೆಗಲ್ ದೇಶದ ಡಕಾರ್ ನಗರದಲ್ಲಿ 1970ರಲ್ಲಿ ಹುಟ್ಟಿದ ‘ಆರ್ಕೆಸ್ಟ್ರಾ ಬಾವೊಬಾಬ್’ ಎಂಬ ಮೇಳ ಕ್ಯೂಬಾದ ಕುಣಿತದ ಲಯಕ್ಕೆ ತನ್ನ ನಾಡಿನ ವೊಲೋಫ್ ನುಡಿಯ ಹಾಡನ್ನು ಹೊಂದಿಸಿತು. ಆ ಲಯದ ಬೇರುಗಳಾದರೂ ಗುಲಾಮರೊಡನೆ ಆಫ್ರಿಕದಿಂದಲೇ ಕಡಲು ದಾಟಿ ಹೋಗಿದ್ದವು!

ಆದುದರಿಂದ ಮಿತ್ರರೇ, ವಾದ್ಯದ ಕುಲ ಕೇಳುವುದು ಸಾಕು. ನನ್ನ ಭಯವೇ ಬೇರೆ: ಪೇಟಿ ಉಳಿದು, ಪದ ಬಲ್ಲ ಕಂಠಗಳು ಇಲ್ಲವಾದಾವೆಂಬುದು. ಬರುವ ಸ್ನೇಹ ಸಮ್ಮೇಳನಕ್ಕೆ ಪಾರಿಜಾತದ ಮೇಳವೊಂದನ್ನು ಕರೆಸೋಣ. ನಮ್ಮಲ್ಲಿ ನಾಲ್ವರಾದರೂ ಅವರಿಂದ ಪದ ಕಲಿಯೋಣ.