ಚಿಕ್ಕೋಡಿ ಸೀಮೆಗೆ ದಾರಿಗಳಿವೆ, ಮಳೆಗಾಲದಲ್ಲಿ ಯಾರಿಗೆ?

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಕರಾವಳಿಯವರಾದ ನಮಗೆ ದೂರದ ಊರುಗಳು. ಆದರೂ ಉತ್ತರ ಕರ್ನಾಟಕದಲ್ಲಿ ಸೇವೆ ಸಲ್ಲಿಸುವ ಧರ್ಮಗುರುಗಳು, ಧರ್ಮಭಗಿನಿಯರು, ಶಿಕ್ಷಕರು ನಮ್ಮಲ್ಲಿದ್ದಾರೆ. ಅಲ್ಲಿಗೆ ಹೋಗುವುದು ಹೇಗೆ ಎಂಬ ಪ್ರಶ್ನೆಗೆ ನಕ್ಷೆ ಸುಲಭವಾಗಿ ಉತ್ತರಿಸುತ್ತದೆ. ಮಳೆಗಾಲದ ಉತ್ತರ ಮಾತ್ರ ಬೇರೆ.

ಪಶ್ಚಿಮದಲ್ಲಿ ಬೆಂಗಳೂರು-ಪುಣೆ ರಾಷ್ಟ್ರೀಯ ಹೆದ್ದಾರಿ 48 ಸಂಕೇಶ್ವರ, ನಿಪ್ಪಾಣಿಗಳ ಮೂಲಕ ಕೊಲ್ಹಾಪುರದ ಕಡೆ ಸಾಗುತ್ತದೆ. ಪೂರ್ವದಲ್ಲಿ ಬೆಳಗಾವಿ-ಮೀರಜ್ ರೈಲು ಮಾರ್ಗವಿದೆ. ಅದರಲ್ಲಿ ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಉಗಾರ ಖುರ್ದ, ಶೇಡಬಾಳ ನಿಲ್ದಾಣಗಳು ಬರುತ್ತವೆ. ಚಿಕ್ಕೋಡಿ ರೋಡಿನಲ್ಲಿ ಇಳಿದವರು ಚಿಕ್ಕೋಡಿ ಪಟ್ಟಣಕ್ಕೆ ಮತ್ತೆ ವಾಹನ ಹಿಡಿಯಲೇಬೇಕು. ಅಥಣಿ ಪಟ್ಟಣಕ್ಕೆ ರೈಲೇ ಇಲ್ಲ. ಶೇಡಬಾಳದಿಂದ ಅಥಣಿ ಮಾರ್ಗವಾಗಿ ವಿಜಯಪುರಕ್ಕೆ ರೈಲು ಬೇಕೆಂಬ ಬೇಡಿಕೆ ಬಹಳ ಹಳೆಯದು.

ಹೆದ್ದಾರಿ ಮತ್ತು ರೈಲಿನ ನಡುವಿನ ಹಳ್ಳಿಗಳಿಗೆ ವಾಯವ್ಯ ಸಾರಿಗೆಯ ಬಸ್ಸುಗಳೇ ಆಧಾರ. ಬಸ್ಸು ಬಾರದ ಹೊತ್ತಿಗೆ ಟಂಟಂ, ಇಲ್ಲವೇ ಯಾರದಾದರೂ ಬೈಕು. ನಮ್ಮ ಕರಾವಳಿಯಂತೆ ಒಂದು ಸರ್ವಿಸ್ ಬಸ್ಸು ತಪ್ಪಿದರೆ ಬೆನ್ನಿಗೇ ಇನ್ನೊಂದು ಬರುವ ಅನುಕೂಲ ಅಲ್ಲಿಲ್ಲ. 2023ರ ಜೂನ್‌ನಿಂದ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಗಿದೆ, ಸಂತೋಷ. ಆದರೆ ಬಸ್ಸೇ ಬಾರದ ಊರಿಗೆ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನ?

ಇನ್ನು ನದಿಗಳ ಮಾತು. ವೇದಗಂಗಾ ದೂಧಗಂಗೆಯನ್ನೂ, ದೂಧಗಂಗಾ ಕೃಷ್ಣೆಯನ್ನೂ ಸೇರುವ ನಾಡಿದು. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಸುರಿದರೆ ಸಾಕು, ಇಲ್ಲಿ ಬಿಸಿಲಿದ್ದರೂ ಹೊಳೆ ಉಕ್ಕುತ್ತದೆ. ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಭೋಜ-ಕಾರದಗಾ, ಅಕ್ಕೋಳ-ಸಿದ್ನಾಳ ಮುಂತಾದ ಕೆಳಮಟ್ಟದ ಸೇತುವೆಗಳು ಮುಳುಗಿದ ಸುದ್ದಿ ಮಳೆಗಾಲದಲ್ಲಿ ಮತ್ತೆ ಮತ್ತೆ ಬರುತ್ತದೆ. ಕುಡಚಿ-ಉಗಾರ ಸೇತುವೆ ಮುಳುಗಿದರೆ ರಾಯಬಾಗದ ಕಡೆಯವರಿಗೆ ಕಾಗವಾಡ, ಅಥಣಿಗಳ ನೇರ ದಾರಿ ತಪ್ಪುತ್ತದೆ. 2019ರ ಆಗಸ್ಟ್ ಮತ್ತು 2021ರ ಜುಲೈ ಪ್ರವಾಹಗಳಲ್ಲಿ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ಹೆದ್ದಾರಿಯೇ ಬಂದ್ ಆಗಿತ್ತು.

ಸ್ವಂತ ಕಾರಿದ್ದವರು ಸುತ್ತು ಬಳಸಿ ಊರು ಸೇರಿಯಾರು. ಕೂಲಿಗೆ ಹೋಗುವವರು, ಕಾಲೇಜು ಮಕ್ಕಳು, ಮೀರಜ್ ಆಸ್ಪತ್ರೆಗಳನ್ನೇ ನಂಬಿದ ರೋಗಿಗಳು ಏನು ಮಾಡಬೇಕು? ಹೊಳೆ ಸಾಲದೆಂಬಂತೆ ಗಡಿಯ ಜಗಳವೂ ಇದೆ. 2022ರ ಡಿಸೆಂಬರ್‌ನಲ್ಲಿ, 2025ರ ಫೆಬ್ರವರಿಯಲ್ಲಿ ವಿವಾದ ಎದ್ದಾಗ ಎರಡು ರಾಜ್ಯಗಳ ನಡುವಿನ ಬಸ್ಸುಗಳು ನಿಂತವು. ಜಗಳ ಆಡಿದವರು ಬೇರೆ, ಬಸ್ ನಿಲ್ದಾಣದಲ್ಲಿ ಉಳಿದವರು ಬೇರೆ.

ಆದುದರಿಂದ ಹೊಸ ವೇಗದ ರೈಲುಗಳಿಗಿಂತ ಮೊದಲು ಎತ್ತರದ ಸೇತುವೆಗಳು, ರೈಲಿನ ಸಮಯಕ್ಕೆ ಹೊಂದುವ ಬಸ್ಸುಗಳು, ಏನೇ ವಿವಾದ ಬಂದರೂ ರೋಗಿಗಳಿಗೆ ತೆರೆದಿರುವ ಗಡಿ ಬೇಕು ಎಂಬುದು ನಮ್ಮ ಅಭಿಪ್ರಾಯ. ಜೆರಿಕೋ ದಾರಿಯ ಸಮಾರಿಯದವನಿಗೆ ಕರುಣೆಯ ಜೊತೆಗೆ ಗಾಯಾಳುವನ್ನು ಹೊರಲು ವಾಹನವಿತ್ತು, ಛತ್ರದವರೆಗೆ ದಾರಿಯೂ ಇತ್ತು. ಆ ದಾರಿಯನ್ನು ಬಡವರಿಗಾಗಿ ಕೇಳುವುದೂ ನೆರೆಯವರ ಪ್ರೀತಿಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡೆ ಹೊರಡುವ ಬಂಧುಗಳು ಸ್ಥಳೀಯರಲ್ಲಿ ಸೇತುವೆಗಳ ಸ್ಥಿತಿಯನ್ನು ವಿಚಾರಿಸಿಯೇ ಹೊರಡಲಿ.